ಗ್ಯಾರೇಜ್ ಮೇಲಿನ ಹಸಿರು ಚಾವಣಿ ಸೋರಿದಾಗ

ಬೆಂಗಳೂರಿನ ನಮ್ಮ ಮನೆಯ ಗ್ಯಾರೇಜ್ ಮೇಲೆ ಹತ್ತಡಿ ಹನ್ನೆರಡಡಿಯ ಆರ್‌ಸಿಸಿ ಚಾವಣಿ ಇದೆ. ಹುಲ್ಲು ಬೆಳೆಸೋಣ ಅಂತ ಅಲ್ಲಿ ಆರಿಂಚು ಕೆಂಪು ಮಣ್ಣು ಹರಡಿದ್ದೆ. ಮೊದಲ ಜೋರು ಮಳೆಗೇ ಒಳಗೆ ತಟ್ಟೆಯಗಲ ತೇವದ ಕಲೆ ಮೂಡಿತು. ಬೆರಳಿಟ್ಟರೆ ಸುಣ್ಣ ಪುಡಿಪುಡಿಯಾಗಿ ಉದುರಿತು.

ಮಣ್ಣೆಲ್ಲ ಬುಟ್ಟಿಯಲ್ಲಿ ಕೆಳಗಿಳಿಸಿದೆವು. ನೀರು ಹೋಗುವ ಪೈಪಿನ ಬಾಯಿಗೆ ಕೆಸರು ಮೆತ್ತಿಕೊಂಡಿತ್ತು. ನೀರು ದಿನಗಟ್ಟಲೆ ನಿಂತು ಪ್ಯಾರಪೆಟ್ ಬುಡದ ಬಿರುಕಿನಿಂದ ಇಳಿದಿತ್ತು.

ಭಾರದ ವಿಷಯವೂ ಆಗಲೇ ಹೊಳೆದದ್ದು. ಆರಿಂಚು ಒದ್ದೆ ಮಣ್ಣು ಚದರ ಮೀಟರಿಗೆ 250 ಕೆಜಿ ದಾಟುತ್ತದೆ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರದ ಭಾರತೀಯ ಮಾನದಂಡ ಐಎಸ್ 875 ಹೇಳುವ ಲೆಕ್ಕ ಸುಮಾರು 150 ಕೆಜಿ! ದಯವಿಟ್ಟು ಮೊದಲು ಇಂಜಿನಿಯರ್‌ಗೆ ತೋರಿಸಿ. ನಾನು ಆಮೇಲೆ ತೋರಿಸಿದೆ.

ಮೇಸ್ತ್ರಿ ಬಿರುಕು ಮುಚ್ಚಿ, ಪೈಪಿನ ಕಡೆಗೆ ಇಳಿಜಾರು ಕೊಟ್ಟರು. ವಾಟರ್‌ಪ್ರೂಫ್ ಪದರವನ್ನು ಪ್ಯಾರಪೆಟ್ ಗೋಡೆಗೂ ಒಂದಡಿ ಹತ್ತಿಸಿದರು. ಎರಡು ದಿನ ನೀರು ಕಟ್ಟಿ ನಿಲ್ಲಿಸಿದೆವು. ಒಂದು ಹನಿಯೂ ಇಳಿಯಲಿಲ್ಲ.

ಅದರ ಮೇಲೆ ಬೇರು ತಡೆಯುವ ಹಾಳೆ, ನೀರು ಹರಿದುಹೋಗಲು ಪ್ಲಾಸ್ಟಿಕ್ ಡ್ರೈನ್ ಸೆಲ್, ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಆಮೇಲೆ ಬರೀ ನಾಲ್ಕಿಂಚು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಗೊಬ್ಬರದ ಮಿಶ್ರಣ. ಪೈಪಿನ ಸುತ್ತ ಒಂದಡಿ ಮಣ್ಣೇ ಇಲ್ಲ, ಬರೀ ಜಲ್ಲಿ. ಕೈ ಹಾಕಿ ಕಸ ತೆಗೆಯಬಹುದು.

ಹುಲ್ಲಿನ ಆಸೆ ಬಿಟ್ಟು ಟೇಬಲ್ ರೋಸ್, ದೊಡ್ಡಪತ್ರೆ ಹಾಕಿದೆ. ಹಕ್ಕಿಗಳು ತಂದು ಹಾಕುವ ಬೀಜದಿಂದ ಅರಳಿ ಸಸಿ ಹುಟ್ಟುತ್ತದೆ. ಪ್ರತಿ ಭಾನುವಾರ ಅದನ್ನು ಹುಡುಕಿ ಕೀಳುತ್ತೇನೆ.