ಡ್ರೈವರ್ ಇಲ್ಲದ ದೋಣಿ: ಡಾಲ್ಮೇಶಿಯಾ ಕರಾವಳಿಯಲ್ಲಿ ಒಂದು ವಾರ

ನನ್ನ ಊರು ದಾವಣಗೆರೆ. ಚಿಕ್ಕಂದಿನಲ್ಲಿ ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯ ಟೂರಿನಲ್ಲಿ, ಮುರ್ಡೇಶ್ವರದಲ್ಲಿ. ಅಂಥವನು ಕ್ರೊಯೇಷಿಯಾದಲ್ಲಿ 37 ಅಡಿಯ ಹಾಯಿದೋಣಿ ಬಾಡಿಗೆಗೆ ಹಿಡಿದು, ಹೆಂಡತಿಯನ್ನೂ ಸ್ನೇಹಿತ ದಂಪತಿಯನ್ನೂ ಕೂರಿಸಿಕೊಂಡು ಹೊರಡುತ್ತೇನೆ ಅಂದಾಗ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಡ್ರೈವರ್ ಇರ್ತಾನೆ ಅಲ್ವೇನೋ?"

ಇರಲಿಲ್ಲ. ಡ್ರೈವರ್ ನಾನೇ.

ಕೆಲಸ ಮ್ಯೂನಿಕ್‌ನಲ್ಲಿ. ಪಕ್ಕದ ಕೀಮ್‌ಜೇ ಸರೋವರದಲ್ಲಿ ಎರಡು ಬೇಸಿಗೆ ಹಾಯಿ ಕಲಿತೆ. ಆಮೇಲೆ ಸಮುದ್ರದ ಲೈಸೆನ್ಸ್, ಅದರ ಜೊತೆಗೆ ರೇಡಿಯೊ ಸರ್ಟಿಫಿಕೇಟ್. ಕ್ರೊಯೇಷಿಯಾದಲ್ಲಿ ಎರಡೂ ಇಲ್ಲದೆ ದೋಣಿಯ ಕೀಲಿ ಕೈಗೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಗಂಟು ಹಾಕಿಸುತ್ತಾರೆ, ದಿಕ್ಸೂಚಿ ನೋಡಿಸುತ್ತಾರೆ, ನೀರಿಗೆ ಬಿದ್ದವರನ್ನು ಎತ್ತುವುದು ಮಾಡಿಸುತ್ತಾರೆ. ದೋಣಿ ನಿಲ್ಲಿಸುವುದನ್ನೂ ಮಾಡಿಸುತ್ತಾರೆ, ಆದರೆ ಖಾಲಿ ಸರೋವರದ ಖಾಲಿ ಕಟ್ಟೆಗೆ. ಇದು ಮುಂದೆ ನನ್ನ ತಲೆನೋವಾಯಿತು.

ಆಡ್ರಿಯಾಟಿಕ್ ಅಂದರೆ ಮೆಡಿಟರೇನಿಯನ್ ಸಮುದ್ರವೇ ಇಟಲಿ ಮತ್ತು ಬಾಲ್ಕನ್ ನಡುವೆ ಚಾಚಿದ ಕೈ. ಅದರ ಪೂರ್ವದ ದಡದ ಒಂದು ಭಾಗ ಡಾಲ್ಮೇಶಿಯಾ. ತುಂಬ ದ್ವೀಪಗಳು, ಒಂದರಿಂದ ಒಂದು ಕಣ್ಣಿಗೆ ಕಾಣುವಷ್ಟು ಹತ್ತಿರ. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. 2023ರಿಂದ ಕ್ರೊಯೇಷಿಯಾದಲ್ಲಿ ಯೂರೊ ನಡೆಯುತ್ತದೆ. ಆ ವರ್ಷವೇ ಷೆಂಗೆನ್‌ಗೂ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೂ, ಸೇರಿತು, ಹಾಗಾಗಿ ವೀಸಾ ತಾಪತ್ರಯ ಒಂದು ಕಡಿಮೆ.

ದೋಣಿ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ನಾವು ಹೊರಟಿದ್ದು ತ್ರೊಗಿರ್‌ನಿಂದ. ಅದು ಸಣ್ಣ ದ್ವೀಪದ ಮೇಲೆ ಕಲ್ಲಿನಲ್ಲಿ ಕಟ್ಟಿದ ಹಳೇ ಊರು, 1997ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದನ್ನು ನೋಡುವ ವ್ಯವಧಾನ ನನಗಿರಲಿಲ್ಲ. ಎರಡು ಗಂಟೆ ದೋಣಿಯ ಸಾಮಾನು ಎಣಿಸುವುದು, ಗೀರುಗಳ ಫೋಟೊ ತೆಗೆಯುವುದು. ಹಳೇ ಗೀರಿನ ಫೋಟೊ ಖಂಡಿತ ತೆಗೆದಿಟ್ಟುಕೊಳ್ಳಿ, ಡೆಪಾಸಿಟ್ ನಿಮ್ಮದು.

ಗಾಳಿಯ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಮಯಿಸ್ತ್ರಾಲ್ ಬೀಸುತ್ತದೆ. ಒಳ್ಳೆ ಗಾಳಿ, ಸಂಜೆ ಇಳಿಯುತ್ತದೆ. ಬೂರಾ ಹಾಗಲ್ಲ. ಈಶಾನ್ಯದ ಬೆಟ್ಟಗಳಿಂದ ಇದ್ದಕ್ಕಿದ್ದಂತೆ ಬಡಿಯುವ ಗಾಳಿ. ಬೆಟ್ಟದ ತುದಿಯಲ್ಲಿ ಮೋಡ ಟೋಪಿ ಹಾಕಿ ಕೂತರೆ ಹುಷಾರಾಗಬೇಕು. ಮೂರನೆಯದು ಜೂಗೊ, ಆಗ್ನೇಯದ್ದು. ಒಂದೆರಡು ದಿನ ಮೊದಲೇ ಸುಳಿವು ಕೊಟ್ಟು ಬರುತ್ತದೆ, ಅಲೆ ದೊಡ್ಡದು, ಆಕಾಶ ಮಂಕು. ನಮಗೆ ಸಿಕ್ಕಿದ್ದು ಮಯಿಸ್ತ್ರಾಲ್ ಮಾತ್ರ. ಬೆಳಿಗ್ಗೆ ಅದೂ ಇರಲಿಲ್ಲ. ನಿಜ ಹೇಳಬೇಕೆಂದರೆ ಹೋದ ದೂರದಲ್ಲಿ ಅರ್ಧಕ್ಕರ್ಧ ಎಂಜಿನ್ ಮೇಲೆಯೇ ಹೋಗಿದ್ದು.

ಮೊದಲ ರಾತ್ರಿ ಬ್ರಾಚ್ ದ್ವೀಪದ ಮಿಲ್ನಾದಲ್ಲಿ. ಗಾಳಿ ಇರಲಿಲ್ಲ, ಪಕ್ಕದ ಜಾಗ ಖಾಲಿ, ದೋಣಿ ಬೆಣ್ಣೆಯಂತೆ ಒಳಗೆ ಹೋಯಿತು. ನನಗೆ ಎಲ್ಲ ಬರುತ್ತದೆ ಅನ್ನಿಸಿತು.

ಮಾರನೇ ದಿನ ಸುಮಾರು 20 ನಾಟಿಕಲ್ ಮೈಲು ದೂರದ ವಿಸ್. ಅರ್ಧ ದಾರಿಯಲ್ಲಿ ಎಂಜಿನ್ ಆರಿಸಿ ಹಾಯಿ ಬಿಚ್ಚಿದೆವು. ಆ ಸದ್ದು ನಿಂತ ಕ್ಷಣ ಯಾರೂ ಮಾತಾಡಲಿಲ್ಲ. ಹೆಂಡತಿ ಕೆಳಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ದೋಣಿಯ ಒಲೆ ತೊಟ್ಟಿಲಿನಂತೆ ತೂಗುತ್ತದೆ. ದೋಣಿ ವಾಲಿದರೂ ಬಾಣಲೆ ಮಟ್ಟವಾಗಿಯೇ ಇರುತ್ತದೆ, ವಾಲುವುದು ಅಡುಗೆ ಮಾಡುವವರು ಮಾತ್ರ. ಸಾಸಿವೆ ಮಾತ್ರ ದೋಣಿ ತುಂಬ.

ವಿಸ್ ಬಂದರಿಗೆ ಬಂದಾಗ ಸಂಜೆ ಐದು ಗಂಟೆ. ತಡವಾಗಿತ್ತು. ಉಳಿದಿದ್ದು ಒಂದೇ ಜಾಗ, ಎರಡು ದುಬಾರಿ ದೋಣಿಗಳ ನಡುವೆ. ಮೆಡಿಟರೇನಿಯನ್ ಬಂದರುಗಳಲ್ಲಿ ದೋಣಿ ಹಿಮ್ಮುಖವಾಗಿ ಒಳಗೆ ಹೋಗಬೇಕು. ಹಿಂಭಾಗದ ಎರಡು ಹಗ್ಗ ದಕ್ಕೆಗೆ. ಮುಂಭಾಗ ಹಿಡಿಯಲು ನೀರಿನ ತಳದಲ್ಲಿ ಮೊದಲೇ ಒಂದು ಹಗ್ಗ ಮಲಗಿರುತ್ತದೆ, ಅದಕ್ಕೆ ಮೂರಿಂಗ್ ಅನ್ನುತ್ತಾರೆ. ದಕ್ಕೆಯ ಮೇಲಿನವನು ಅದರ ತೆಳ್ಳನೆಯ ತುದಿ ಎತ್ತಿ ಕೊಡುತ್ತಾನೆ. ನಾವು ಅದನ್ನು ಹಿಡಿದುಕೊಂಡು ಮುಂಭಾಗಕ್ಕೆ ಓಡಿ, ಎಳೆದು ಬಿಗಿಯಬೇಕು. ಪಾಚಿ, ಕೆಸರು, ಚೂಪು ಚಿಪ್ಪು ಎಲ್ಲ ಅಂಟಿರುತ್ತದೆ, ಕೈಗೆ ಗ್ಲೌಸ್ ಬೇಕೇ ಬೇಕು.

ನಾನು ಹೆದರಿ ತೀರಾ ನಿಧಾನ ಹಿಂದೆ ಹೋದೆ. ಅದೇ ತಪ್ಪು. ವೇಗ ಇಲ್ಲದಿದ್ದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಅಡ್ಡಗಾಳಿಗೆ ಮೂತಿ ತಿರುಗಿತು, ದೋಣಿ ಅಡ್ಡಡ್ಡ ಸರಿದು ಪಕ್ಕದ ದೋಣಿಯ ಮೂತಿಗೆ ಒರಗಿತು. ಸ್ನೇಹಿತ ಗಾಬರಿಯಲ್ಲಿ ಮೂರಿಂಗ್ ಹಗ್ಗ ಕೈಬಿಟ್ಟ. ಅದು ನಮ್ಮ ಪ್ರೊಪೆಲ್ಲರ್ ಕಡೆಗೇ ಮುಳುಗುತ್ತಿತ್ತು. ಎಂಜಿನ್ ನ್ಯೂಟ್ರಲ್‌ಗೆ ಹಾಕಿದೆ, ಅಷ್ಟೇ ಹೊಳೆದಿದ್ದು. ಎದುರಿನ ಹೋಟೆಲುಗಳಲ್ಲಿ ಕೂತವರೆಲ್ಲ ಗ್ಲಾಸ್ ಕೆಳಗಿಟ್ಟು ನೋಡುತ್ತಿದ್ದರು. ಪಕ್ಕದ ದೋಣಿಯ ಅಜ್ಜ ಒಬ್ಬರು ಬೈಯಲಿಲ್ಲ. ಸುಮ್ನೆ ಬಂದು, ದೋಣಿಗೆ ಏಟು ಬೀಳದಂತೆ ಇಡುವ ಮೆತ್ತನೆಯ ಫೆಂಡರ್ ನಡುವೆ ತೂರಿಸಿ, ಕೈಯಿಂದ ನಮ್ಮನ್ನು ದೂಡಿ, "ಪೊಮಾಲೊ, ಪೊಮಾಲೊ" ಅಂದರು. ಆ ಕಡೆಯವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ಅದು, ನಿಧಾನಕ್ಕೆ, ಅವಸರ ಬೇಡ ಅಂತ.

ಆ ರಾತ್ರಿ ನಾಲ್ವರೂ ಕೂತು ಯಾರದ್ದು ಯಾವ ಕೆಲಸ ಅಂತ ಹಂಚಿಕೊಂಡೆವು. ಗಾಳಿ ಬರುವ ಕಡೆಯ ಹಗ್ಗ ಮೊದಲು. ಮೂರಿಂಗ್ ಹಿಡಿದವರು ಬಿಡುವ ಹಾಗಿಲ್ಲ. ಬಂದರಿನ ಹೊರಗೆ ಒಂದು ಸುತ್ತು ಹಾಕಿ ಗಾಳಿ ನೋಡುವುದು. ಸರಿ ಕಾಣದಿದ್ದರೆ ನಾಚಿಕೆ ಬಿಟ್ಟು ವಾಪಸ್ ಹೊರಗೆ ಹೋಗಿ ಮತ್ತೆ ಬರುವುದು. ಎಲ್ಲಕ್ಕಿಂತ ಮುಖ್ಯ, ಮಧ್ಯಾಹ್ನ ಎರಡು ಗಂಟೆಯೊಳಗೆ ಬಂದರು ಸೇರುವುದು.

ವಿಸ್ ಯುಗೊಸ್ಲಾವಿಯಾ ಕಾಲದಲ್ಲಿ ಮಿಲಿಟರಿ ನೆಲೆ. 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿಯೇ ಇರಬೇಕು, ದೊಡ್ಡ ಹೋಟೆಲುಗಳ ಕಾಟ ಕಡಿಮೆ. ದ್ವೀಪದ ಇನ್ನೊಂದು ತುದಿಯ ಕೊಮಿಜಾ ಮೀನುಗಾರರ ಊರು. ಅಲ್ಲಿ ದೋಣಿಯನ್ನು ನೀರಿನಲ್ಲಿ ತೇಲುವ ಬೋಯೆಗೆ ಕಟ್ಟಿ, ಹತ್ತಿರದ ಬಿಶೆವೊ ದ್ವೀಪದ ನೀಲಿ ಗುಹೆ ನೋಡಲು ಹೋದೆವು. ಬಿಸಿಲು ನೀರಿನ ಅಡಿಯಿಂದ ಒಳಗೆ ಬಂದು ಗುಹೆಯೆಲ್ಲ ನೀಲಿಯಾಗುತ್ತದೆ. ಚೆನ್ನಾಗಿದೆ. ಆದರೆ ಎರಡು ಗಂಟೆ ಸಾಲು ಕಾದು ಐದು ನಿಮಿಷ ನೋಡುವುದು, ಅಷ್ಟೇ. ನನ್ನ ಕೇಳಿದರೆ ಬಿಡಿ ಅಂತೀನಿ, ಹೆಂಡತಿಯನ್ನು ಕೇಳಿದರೆ ಹೋಗಿ ಅಂತಾಳೆ.

ನನಗೆ ಹಿಡಿಸಿದ ಊರು ಹ್ವಾರ್ ದ್ವೀಪದ ಸ್ಟಾರಿ ಗ್ರಾದ್. ಹೆಸರಿನ ಅರ್ಥವೇ ಹಳೇ ಊರು. ಕ್ರಿಸ್ತಪೂರ್ವ 384ರಲ್ಲಿ ಗ್ರೀಸಿನ ಪಾರೋಸ್ ದ್ವೀಪದವರು ಬಂದು ನೆಲೆಸಿದ ಜಾಗ. ಅವರು ಹೊಲಕ್ಕೆ ಹಾಕಿದ ಅಳತೆಯ ಗೆರೆಗಳು ಇವತ್ತೂ ಕಲ್ಲಿನ ಬದುಗಳಾಗಿ ಉಳಿದಿವೆ, ನಡುವೆ ದ್ರಾಕ್ಷಿ, ಆಲಿವ್. ಊರೊಳಗೆ 16ನೇ ಶತಮಾನದ ಕವಿ ಹೆಕ್ತೊರೊವಿಚ್ ಕಟ್ಟಿಸಿದ ಕೋಟೆಮನೆ ಇದೆ. ಅಂಗಳದ ನಡುವೆ ಉಪ್ಪುನೀರಿನ ಕೊಳ, ಅದರಲ್ಲಿ ಮೀನು. ಹೊರಗೆ ಸೆಖೆ, ಅಲ್ಲಿ ತಂಪು. ಒಂದು ಗಂಟೆ ಕೂತಿದ್ದೆ. ಅಂದು ಬಂದರು ಸೇರಿದ್ದು ಒಂದೂವರೆಗೆ, ಹೋಟೆಲಿನವರು ಯಾರೂ ತಲೆ ಎತ್ತಿ ನೋಡಲಿಲ್ಲ.

ಶುಕ್ರವಾರ ಸಂಜೆಯೇ ತ್ರೊಗಿರ್‌ಗೆ ವಾಪಸ್ ತರಬೇಕು. ಡೀಸೆಲ್ ಬಂಕಿನ ಮುಂದೆ ದೋಣಿಗಳ ದೊಡ್ಡ ಸಾಲು, ನಮ್ಮ ಪಾಳಿ ಬರಲು ಒಂದೂವರೆ ಗಂಟೆ. ಆಮೇಲೆ ಬಾಡಿಗೆಯವರ ಕಡೆಯ ಹುಡುಗ ಕನ್ನಡಕ ಹಾಕಿಕೊಂಡು ನೀರಿಗೆ ಧುಮುಕಿದ, ದೋಣಿಯ ಅಡಿಗೆ ಏಟು ಬಿದ್ದಿದೆಯಾ ನೋಡಲು. ನಾವು ನಾಲ್ವರೂ ದಕ್ಕೆಯ ಮೇಲೆ ಸಾಲಾಗಿ ನಿಂತೆವು. ವಿಸ್‌ನ ಸಂಜೆ ನೆನಪಾಗಿ ನನಗೆ ಉಸಿರು ಸಿಕ್ಕಿಕೊಂಡಿತ್ತು. ಅವನು ಮೇಲೆ ಬಂದ, ಮೂಗು ಒರೆಸಿಕೊಂಡ, ಅಡಿಯಲ್ಲಿ ಎಲ್ಲ ಸರಿ ಇದೆ ಅಂದ. ಆಮೇಲೆ ಒಳಗೆ ಇಣುಕಿ, ಒಲೆಯ ಸಂದಿಯಿಂದ ಒಂದು ಕಪ್ಪು ಕಾಳು ಹೆಕ್ಕಿ ಇದೇನು ಅಂತ ಕೇಳಿದ. ಸಾಸಿವೆ.