ಆನೆ ಬಂದರೆ ಮಾತ್ರ ಫೋನ್ ಕೂಗಲಿ

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಮ್ಯಾನೇಜರ್. ಹೆಸರಿಗೆ ತೋಟದ ಕೆಲಸ, ಅರ್ಧ ದಿನ ಹೋಗುತ್ತಿದ್ದದ್ದು ಫೋನಿಗೆ. ರೇಟಿನ ಗ್ರೂಪು, ಮಳೆ ಗ್ರೂಪು, ಆನೆ ಗ್ರೂಪು, ಬೆಳೆಗಾರರದ್ದು, ಗೊಬ್ಬರದ ಅಂಗಡಿಯದ್ದು, ಜೀಪಿನವರದ್ದು. ಇದರ ಮೇಲೆ ಬೆಂಗಳೂರಿನಿಂದ ಓನರ್ ಕಳಿಸುವ ಉದ್ದುದ್ದ ವಾಯ್ಸ್ ಮೆಸೇಜು, ಬ್ಯಾಂಕಿನ ಮೇಲ್, ಪಿಎಫ್ ಮೇಲ್. ಯಾವುದನ್ನೂ ಬಿಡೋ ಹಾಗಿಲ್ಲ ಅನ್ನಿಸುತ್ತೆ, ಅಲ್ವಾ?

ಒಂದು ಭಾನುವಾರ ಕೂತು ಪ್ರತಿ ಗ್ರೂಪಿಗೂ ಒಂದೇ ಪ್ರಶ್ನೆ ಹಾಕಿದೆ: ಇದನ್ನು ಸಂಜೆ ನೋಡಿದರೆ ಏನು ನಷ್ಟ?

ಆನೆ ವಿಷಯದಲ್ಲಿ ಪ್ರಾಣವೇ ಹೋಗಬಹುದು. ರಾತ್ರಿ ಆನೆ ಎಲ್ಲಿತ್ತು ಅಂತ ಗೊತ್ತಾಗದೆ ಬೆಳಿಗ್ಗೆ ಕೆಲಸದವರನ್ನು ಯಾವ ಬ್ಲಾಕಿಗೂ ಕಳಿಸಲು ಆಗಲ್ಲ. ಹಾಗಾಗಿ ಆ ಗ್ರೂಪಿಗೆ ಮಾತ್ರ ಬೇರೆ ಟೋನ್ ಇಟ್ಟೆ. ಅದು ಕೂಗಿದರೆ ಎಲ್ಲಿದ್ದರೂ ಫೋನ್ ತೆಗೆಯುತ್ತೇನೆ. ಹಳೇ ವಿಡಿಯೋ ಫಾರ್ವರ್ಡ್ ಮಾಡುವವರು ಅಲ್ಲೂ ಇದ್ದಾರೆ, ಏನು ಮಾಡೋದು.

ರೇಟಿನ ಗ್ರೂಪಿನದ್ದು ಬೇರೆ ಕಥೆ. ಬೆಳಕು ಹರಿಯುವ ಮೊದಲೇ ಅಲ್ಲಿ ಗಲಾಟೆ ಶುರು. ನಮ್ಮದು ಹೆಚ್ಚಾಗಿ ರೊಬಸ್ಟಾ ತಳಿಯ ಕಾಫಿ. ಅದರ ದರ ಲಂಡನ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ. ಆ ಮಾರುಕಟ್ಟೆ ತೆರೆಯುವುದು ಅವರ ಬೆಳಿಗ್ಗೆ 9ಕ್ಕೆ. ಅಂದರೆ ಅವರ ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ 2:30, ಅವರ ಬೇಸಿಗೆಯಲ್ಲಿ 1:30. ಅಲ್ಲಿವರೆಗೆ ಗ್ರೂಪಿನಲ್ಲಿ ಓಡಾಡುವುದೆಲ್ಲ ನಿನ್ನೆಯ ದರ, ಇಲ್ಲವೇ ಯಾರದೋ ಅಂದಾಜು. ಇಷ್ಟು ಗೊತ್ತಾದ ಮೇಲೆ ಬೆಳಿಗ್ಗೆ ನೋಡುವ ಚಪಲವೇ ಹೋಯಿತು. ಈಗ ಊಟ ಆಗಿ, ಮೂರು ಗಂಟೆ ದಾಟಿದ ಮೇಲೆ ನೋಡುತ್ತೇನೆ. ಊರಿನ ವ್ಯಾಪಾರಿಗೆ ಫೋನ್ ಮಾಡಿ 50 ಕೆಜಿ ಚೀಲಕ್ಕೆ ಏನು ಹೇಳುತ್ತಾರೋ ಅದನ್ನು ಬರೆದಿಟ್ಟುಕೊಳ್ಳುತ್ತೇನೆ. ಮುಗಿಯಿತು.

ಮಳೆ ಗ್ರೂಪನ್ನು ಮ್ಯೂಟ್ ಮಾಡಿದ್ದಕ್ಕೆ ಲೆಕ್ಕ ಬರೆಯುವ ನಮ್ಮ ರೈಟರ್‌ಗೆ ಆಶ್ಚರ್ಯ. "ಹೂಮಳೆ ಟೈಮಲ್ಲೂ ನೋಡಲ್ವಾ ಸರ್?" ಕಾಫಿ ಹೂ ಬಿಡಿಸುವ ಮಳೆ ಅದು, ಆದರೂ ಇಲ್ಲ. ಪಕ್ಕದ ಊರಲ್ಲಿ ಒಂದು ಇಂಚು ಬಿದ್ದ ದಿನ ನಮ್ಮಲ್ಲಿ 15 ಸೆಂಟ್ (ಇಂಚಿನ ನೂರರಲ್ಲಿ 15 ಪಾಲು) ಬಿದ್ದಿರುತ್ತದೆ. ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಅಂತ ಹೇಳುವುದು ನಮ್ಮ ಅಂಗಳದ ಮಳೆಮಾಪಕ. ಬೇರೆಯವರ ಸೆಂಟು, ಅದರ ಕೆಳಗಿನ ಕೈಮುಗಿದ ಚಿತ್ರಗಳು, ಸುಮ್ನೆ ಹೊತ್ತು ಹೋಗೋಕೆ ಸರಿ. ಉಳಿದ ಗ್ರೂಪುಗಳೆಲ್ಲ ಆರ್ಕೈವ್‌ಗೆ ಹೋದವು.

ಓನರ್ ಹತ್ತಿರ ನೇರವಾಗಿ ಮಾತಾಡಿದೆ. "ಅರ್ಜೆಂಟ್ ಇದ್ದರೆ ಫೋನ್ ಮಾಡಿ ಸರ್, ಮೆಸೇಜ್ ಹಾಕಿದರೆ ಸಂಜೆ ಉತ್ತರ ಕೊಡುತ್ತೇನೆ" ಅಂದೆ. ಒಪ್ಪಿಕೊಂಡರು. ಆಮೇಲೆ ನೋಡಿದರೆ ಅವರಿಗೆ ಅರ್ಜೆಂಟ್ ಅನ್ನಿಸುವುದು ತುಂಬಾ ಕಡಿಮೆ.

ಟೈಮರ್ ಇಟ್ಟುಕೊಂಡು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಪದ್ಧತಿಯನ್ನೂ ನೋಡಿದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ, ಓದುವ ದಿನಗಳಲ್ಲಿ, ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದಂತೆ. ಎಸ್ಟೇಟಿಗೆ ಅದು ಪೂರ್ತಿ ಹೊಂದುವುದಿಲ್ಲ. ಹತ್ತನೇ ನಿಮಿಷಕ್ಕೆ ಮೇಸ್ತ್ರಿ ಬಾಗಿಲಲ್ಲಿ ನಿಂತು "ಪಂಪಿಗೆ ಡೀಸೆಲ್ ಇಲ್ಲ" ಅಂದರೆ, ಬಿಡುವಿನ ತನಕ ಕಾಯಿ ಅನ್ನೋಕಾಗುತ್ತಾ? ಚೆಕ್‌ರೋಲ್ (ಕೆಲಸದವರ ಹಾಜರಿ-ಕೂಲಿ ಪುಸ್ತಕ) ಕೂಡುವಾಗ ಮತ್ತು ತಿಂಗಳ 15ರೊಳಗೆ ಕಟ್ಟಬೇಕಾದ ಪಿಎಫ್ ಲೆಕ್ಕಕ್ಕೆ ಮಾತ್ರ ಬಳಸುತ್ತೇನೆ. ಬಾಗಿಲು ಹಾಕಿದ್ದರೆ ಲೆಕ್ಕ ನಡೀತಿದೆ ಅಂತ ಎಲ್ಲರಿಗೂ ಗೊತ್ತು.

ಕೊಯ್ಲಿನ ಕಾಲದಲ್ಲಿ ಸಂಜೆ ತೂಕದ ಹೊತ್ತು ಫೋನ್ ಡ್ರಾಯರಿನಲ್ಲಿ. ಮೇಸ್ತ್ರಿ ತಕ್ಕಡಿ ನೋಡಿ ಕೂಗುತ್ತಾನೆ, ರೈಟರ್ ಬರೆಯುತ್ತಾನೆ, ನಾನು ಪಕ್ಕದಲ್ಲಿ ನಿಂತು ತಾಳೆ ನೋಡುತ್ತೇನೆ. 64 ಕಿಲೋ ಹೋಗಿ 46 ಆದರೆ ಒಬ್ಬಳ ದಿನದ ಕೂಲಿಗೇ ಪೆಟ್ಟು, ಶನಿವಾರ ಬಟವಾಡೆಯಲ್ಲಿ ಜಗಳ. ಚೀಲ ಇಳಿಸಿದವಳೇ ಬಗ್ಗಿ ಪುಸ್ತಕ ನೋಡಿ "ಸರಿ ಇದೆ" ಅಂದಮೇಲೆ ಮುಂದಿನ ಚೀಲ.

ಫೋನಿನಲ್ಲಿ ಬಂದದ್ದರಲ್ಲಿ ಕೆಲಸ ಅನ್ನಿಸಿಕೊಳ್ಳುವುದು ಏನಿದ್ದರೂ ಉದ್ದ ನೋಟ್‌ಬುಕ್ಕಿಗೆ ಇಳಿಯುತ್ತದೆ. ಎಡಗಡೆ ಸುದ್ದಿ, ಬಲಗಡೆ ಕೆಲಸ. ಬೆಳಿಗ್ಗೆ ಕೆಲಸ ಹಂಚುವಾಗ ಬಲಗಡೆ ಮಾತ್ರ ಓದುತ್ತೇನೆ. ವಾರವಾದರೂ ಹೊಡೆದುಹಾಕದ ಸಾಲು ಇದ್ದರೆ ಮೇಸ್ತ್ರಿಗೆ ಒಪ್ಪಿಸುತ್ತೇನೆ, ಇಲ್ಲ ಓನರ್‌ಗೆ ಕೇಳಿ ಕೈಬಿಡುತ್ತೇನೆ. ಗೋಡೌನಿನ ಶೀಟು ಬದಲಾಯಿಸುವ ಸಾಲೊಂದು ಮಾತ್ರ ಕಳೆದ ಮಳೆಗಾಲದಿಂದ ಪುಟದಿಂದ ಪುಟಕ್ಕೆ ಹೋಗುತ್ತಲೇ ಇದೆ. ಅದಕ್ಕೆ ದುಡ್ಡು ಬೇಕು.