ಅಬ್ಬಿ ನೀರಿನ ಬಲವನ್ನು ತಕ್ಕಡಿಯಲ್ಲಿ ಅಳೆದದ್ದು

ವಸ್ತುವಿನ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ; ಅದು ಬದಲಾಗುವ ದರವೇ ಬಲ. ಇದನ್ನು ಚೆಂಡಿನಲ್ಲಿ ಅಳೆಯಹೊರಟರೆ ಡಿಕ್ಕಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದಿರುತ್ತದೆ. ನೀರಿನ ಧಾರೆಗೆ ಆ ಅವಸರವಿಲ್ಲ. ಸೆಕೆಂಡಿಗೆ ಬೀಳುವ ನೀರಿನ ತೂಕವನ್ನು ವೇಗದಿಂದ ಗುಣಿಸಿದರೆ ಬಲ ಸಿಕ್ಕಿತು. ಹೊಸನಗರ, ತೀರ್ಥಹಳ್ಳಿ ಕಡೆ ಗುಡ್ಡದಿಂದ ತಾನಾಗಿ ಹರಿದು ಬರುವ ಅಬ್ಬಿ ನೀರನ್ನು ಪೈಪಿನಲ್ಲಿ ಇಳಿಸಿಕೊಂಡವರಿಗೆ ಪಂಪೂ ಬೇಡ.

ನಾನು ಬಳಸಿದ್ದು 20 ಮೀಟರ್ ಎತ್ತರದಿಂದ ಬರುವ ಎರಡಿಂಚಿನ ಕಪ್ಪು ಪೈಪು, ತುದಿಗೆ ಬರಬರುತ್ತ ಕಿರಿದಾಗುವ, 10 ಮಿಲಿಮೀಟರ್ ಬಾಯಿಯ ನಳಿಕೆ. 20 ಲೀಟರ್ ಬಕೆಟ್ 14 ಸೆಕೆಂಡಿಗೆ ತುಂಬುತ್ತದೆ, ಅಂದರೆ ಸೆಕೆಂಡಿಗೆ 1.43 ಕಿಲೋ. ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ವೇಗ ಸೆಕೆಂಡಿಗೆ ಸುಮಾರು 18 ಮೀಟರ್. ಬಲ 26 ನ್ಯೂಟನ್; ತಕ್ಕಡಿಯಲ್ಲಿ 2.6 ಕಿಲೋ ತೋರಿಸಬೇಕು.

ಒಂದಡಿ ಅಗಲದ ಪ್ಲೈವುಡ್ ಹಲಗೆಯನ್ನು ಬಿಜಾಗರಿ ಹಾಕಿ ಮೇಲಿನಿಂದ ತೂಗುಬಿಡಿ. ಧಾರೆ ಬಡಿಯುವ ಮಟ್ಟದಲ್ಲೇ ಹಗ್ಗ ಕಟ್ಟಿ, ಕೊಕ್ಕೆ ತಕ್ಕಡಿಯಿಂದ ಧಾರೆಗೆ ಎದುರಾಗಿ ಎಳೆದು ಹಲಗೆಯನ್ನು ನೆಟ್ಟಗೆ ನಿಲ್ಲಿಸಿ. ಹಗ್ಗ ಕೆಳಗೆ ಕಟ್ಟಿದರೆ ಸನ್ನೆಕೋಲಿನಂತಾಗಿ ತಕ್ಕಡಿ ಕಡಿಮೆ ತೋರಿಸುತ್ತದೆ. ಹಲಗೆ ಚಿಕ್ಕದಾದರೂ ಕಡಿಮೆಯೇ: ನೀರು ಪೂರ್ತಿ ಪಕ್ಕಕ್ಕೆ ತಿರುಗದೆ, ಉಳಿದ ಸಂವೇಗವನ್ನು ಹೊತ್ತು ಅಂಚು ದಾಟಿ ಹೋಗಿರುತ್ತದೆ. ಅಂಕಿ ಕುಣಿಯುತ್ತಿದ್ದರೆ ಪೈಪಿನ ಉಬ್ಬಿನಲ್ಲಿ ಗಾಳಿ ಕೂತಿದೆ.

ಬಹಳ ಜನ ನಳಿಕೆಯ ಬದಲು ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪಿಗೆ ತೂತು ಕೊರೆದು ಕೆಲಸ ಮುಗಿಸುತ್ತಾರೆ. ಅಲ್ಲಿ ಲೆಕ್ಕ ಕೆಡುತ್ತದೆ. ಚೂಪಂಚಿನ ತೂತಿನಿಂದ ಹೊರಬಿದ್ದ ಧಾರೆ ಕುಗ್ಗಿ, ತೂತಿನ ವಿಸ್ತೀರ್ಣದ ಸುಮಾರು ಶೇ. 62ಕ್ಕೆ ಇಳಿಯುತ್ತದೆ. ತೂತಿನ ಅಳತೆಯಿಂದ ತೆಗೆದ ವೇಗ ನಿಜಕ್ಕಿಂತ ಅಷ್ಟೇ ಕಡಿಮೆ ಬರುವುದರಿಂದ, ತಕ್ಕಡಿ ಲೆಕ್ಕಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೋರಿಸುತ್ತದೆ. ತಪ್ಪು ತಕ್ಕಡಿಯದಲ್ಲ.

ಹಲಗೆಯ ಮೇಲೆ ಅರ್ಧ ತೆಂಗಿನ ಕರಟವನ್ನು ಧಾರೆಗೆ ಬಾಯಿ ಮಾಡಿ ಬಿಗಿದರೆ ತಮಾಷೆ ಇರುವುದು. ನೀರು ಬಂದ ದಾರಿಗೇ ವಾಪಸ್ಸು ತಿರುಗುವುದರಿಂದ ಸಂವೇಗದ ಬದಲಾವಣೆ ಹೆಚ್ಚೂಕಡಿಮೆ ಎರಡರಷ್ಟು. ಪೂರ್ತಿ ಎರಡರಷ್ಟಾಗದು, ಕರಟದ ಒಳಮೈ ತರಿ, ಅಂಚೂ ಪೂರ್ತಿ ಹಿಂದಕ್ಕೆ ಬಾಗಿರುವುದಿಲ್ಲ. ಧಾರೆ ನಡುಮಧ್ಯೆ ಬೀಳಬೇಕು, ಇಲ್ಲವಾದರೆ ಹಲಗೆ ತಿರುಚುತ್ತದೆ. ನೀರಿನ ಧಾರೆಯಿಂದ ತಿರುಗಿ ಕರೆಂಟು ತೆಗೆಯಲು ಬಳಸುವ ಪೆಲ್ಟನ್ ಚಕ್ರದ ಬಟ್ಟಲುಗಳು ಮಾಡುವುದೂ ಇದನ್ನೇ.

ಆದರೆ ನಿಂತ ಬಟ್ಟಲಿಗೆ ಗರಿಷ್ಠ ಬಲ ಸಿಕ್ಕರೂ ಕರೆಂಟು ಸೊನ್ನೆ. ಬಟ್ಟಲು ಧಾರೆಯ ಅರ್ಧ ವೇಗದಲ್ಲಿ ಓಡಿದಾಗ ನೀರು ವೇಗವೆಲ್ಲ ಬಿಟ್ಟುಕೊಟ್ಟು ಸುಮ್ಮನೆ ಕೆಳಗುದುರುತ್ತದೆ, ಆಗಲೇ ಗರಿಷ್ಠ ಶಕ್ತಿ. ಇಲ್ಲಿ ಅದು ಸೆಕೆಂಡಿಗೆ 9 ಮೀಟರ್. 30 ಸೆಂಟಿಮೀಟರ್ ವ್ಯಾಸದ ಚಕ್ರವಾದರೆ ನಿಮಿಷಕ್ಕೆ ಸುಮಾರು 570 ಸುತ್ತು. ಡೈನಮೋದ ಪುಲ್ಲಿಯನ್ನು ಇದಕ್ಕೆ ಹೊಂದಿಸಿಕೊಳ್ಳಬೇಕು.